ದೊರೆ ನಿಂತಾಗಲೆಲ್ಲ

"ಹಗ್ಗ ಬಿಡಿ ಮೇಡಂ."

"ನೀವು ಬಿಡಿ."

ಸವಾರಿ ಶಾಲೆಯ ಗೇಟಿನಲ್ಲಿ ಇಬ್ಬರೂ ಒಂದೇ ಹಗ್ಗ ಹಿಡಿದು ನಿಂತಿದ್ದರು. ಹಗ್ಗದ ತುದಿಯಲ್ಲಿದ್ದ ದೊರೆ ಎಂಬ ಕಂದು ಕುದುರೆ ಮಾತ್ರ, ಯಾರು ಗೆದ್ದರೆ ತನಗೇನು ಎಂಬಂತೆ ಬೇಲಿಯ ಹುಲ್ಲು ಮೇಯುತ್ತಿತ್ತು.

"ಎರವಲು ಕೊಡ್ತಿರೋದು ಅಷ್ಟೇ. ಮಾರಿಲ್ಲ," ಅಂದಳು ಅವಳು. ಸಂಕಟ ಗೊತ್ತಾಗಬಾರದು ಅಂತ ಮುಖ ಗಂಟು ಹಾಕಿಕೊಂಡಿದ್ದಳು.

ಸವಾರಿ ಮೇಷ್ಟ್ರು ಅಂದರೆ ಬಿಳಿ ಮೀಸೆಯವರಿರಬೇಕು ಅಂದುಕೊಂಡು ಬಂದಿದ್ದಳು ಪಾಪ. ಇವನಿಗೆ ಮೂವತ್ತೂ ತುಂಬಿದ ಹಾಗಿರಲಿಲ್ಲ. ಅವನೇ ಹಗ್ಗ ಬಿಟ್ಟ.

"ಸರಿ, ನೀವೇ ಒಳಗೆ ಕರ್ಕೊಂಡು ಬನ್ನಿ. ನಿಮ್ಮ ಮನೆಯವನು ತಾನೇ."

ಅವಳು ದೊರೆಯನ್ನು ಹಿಡಿದು ಒಳಗೆ ನಡೆದಳು.

ದೊರೆ ಒಂಬತ್ತು ವರ್ಷ ಅಪ್ಪನ ಹಾಲಿನ ಗಾಡಿ ಎಳೆದಿತ್ತು. ಈಗ ಅಪ್ಪನ ಮೊಣಕಾಲು ಕೈಕೊಟ್ಟು ಗಾಡಿ ಮೂಲೆ ಸೇರಿತ್ತು. ಅವಳಿಗೋ ದಿನವಿಡೀ ಟೈಲರಿಂಗ್ ಅಂಗಡಿ. ಒಂದು ತಿಂಗಳು ಪರೀಕ್ಷೆ ಅಂತ ಮಾತಾಗಿತ್ತು. ಪಾಠಕ್ಕೆ ಒಗ್ಗಿದರೆ ದೊರೆ ಇಲ್ಲೇ ಇರುತ್ತದೆ, ಆದರೂ ಮನೆಯವರದ್ದೇ. ಬೇಕೆಂದಾಗ ಬಂದು ನೋಡಬಹುದು. ಒಗ್ಗದಿದ್ದರೆ ವಾಪಸ್. ದೂರದೂರಿನ ಒಬ್ಬ ವ್ಯಾಪಾರಿ ಆಗಲೇ ಕೇಳಿ ಇಟ್ಟಿದ್ದ. ಅವನ ಕೈಗೆ ಹೋದರೆ ಮತ್ತೆ ದೊರೆಯ ಮುಖ ನೋಡುವ ಹಾಗಿಲ್ಲ.

ಪರೀಕ್ಷೆಗೆ ಬಂದ ಕುದುರೆಯ ಹೆಸರನ್ನು ಲಾಯದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಅಲ್ಲಿನ ಪದ್ಧತಿ. ಅಳಿಸೋಕೆ ಒಂದು ಒದ್ದೆ ಬಟ್ಟೆ ಸಾಕು. ಅವಳು ಹಲಗೆಯಿಂದ ಕಣ್ಣು ಆಚೆ ತಿರುಗಿಸಿದಳು.

ಒಂದು ವಿಷಯ ಮಾತ್ರ ಅವಳು ಬಾಯಿ ಬಿಟ್ಟಿರಲಿಲ್ಲ. ಮನೆಮನೆಯ ಗೇಟಿಗೆ ನಿಂತೂ ನಿಂತೂ ದೊರೆಗೆ ಕಂಬ ಕಂಡರೆ ನಿಲ್ಲುವ ಚಾಳಿ. ಹಾಲು ಅಳೆದು ಅಪ್ಪ ಕ್ಯಾನಿನ ಮುಚ್ಚಳವನ್ನು 'ಟಣ್' ಅಂತ ಮುಚ್ಚಬೇಕು, ಆಗಲೇ ಮುಂದಿನ ಹೆಜ್ಜೆ. ಸವಾರಿ ಅಂಗಳದ ಬೇಲಿಗೆ ಕಂಬ ಎಷ್ಟು ಗೊತ್ತೇ? ಇಪ್ಪತ್ತನಾಲ್ಕು!

ಮರುದಿನ ಬೆಳಿಗ್ಗೆ, ಅಂಗಡಿಗೆ ಹೋಗುವ ಮುಂಚೆ, ಅವಳು ಬೇಲಿಯ ಬಳಿ ಹಾಜರ್. ಕೈಯಲ್ಲಿ ಹಾಲಿನ ಕ್ಯಾನು, ಅದರೊಳಗೆ ಕ್ಯಾರೆಟ್. ದೊರೆ ನಿಂತಿತೋ, ಇವಳು ಕ್ಯಾನಿನೊಳಗೆ ಇಣುಕಿ ಮುಚ್ಚಳ ಬಿಡುವುದು. ಟಣ್! ದೊರೆ ಹೊರಟಿತು.

ಎಷ್ಟು ಸಲ ಕ್ಯಾರೆಟ್ ಎಣಿಸ್ತೀರಿ ಅಂತ ಮೂರನೇ ದಿನ ಅವನು ಕೇಳಿಯೇಬಿಟ್ಟ. ಮುಚ್ಚಳ ಸಡಿಲ ಅಂದಳು. ಅಪ್ಪಟ ಸುಳ್ಳು. ಅವನು ಗಂಭೀರವಾಗಿ ತಲೆಯಾಡಿಸಿದ.

ದಿನಗಳು ಉರುಳಿದವು. ತಾನು ಚಹಾ ಕುಡಿಯುವ ಮೊದಲು ಅವನು ದೊರೆಯ ಗೊರಸು ಕೆರೆದು ಚೊಕ್ಕ ಮಾಡುವುದನ್ನು ಅವಳು ಕಂಡಳು. ಕುದುರೆ ಹತ್ತಲು ನಡುಗುತ್ತಿದ್ದ, ಎಲ್ಲರೂ ಪೋಸ್ಟ್ ಅಂಕಲ್ ಅನ್ನುವ ನಿವೃತ್ತ ಪೋಸ್ಟ್‌ಮ್ಯಾನಿಗೆ ಒಂದು ದಿನವೂ ರೇಗದೆ ಕಲಿಸುವುದನ್ನು ಕಂಡಳು. ಅಂಗಡಿಯಲ್ಲಿ ಒಂದೇ ಅಂಗಿಗೆ ಎರಡು ಎಡತೋಳು ಹೊಲಿದು ಬೈಸಿಕೊಂಡಳು.

'ಇದೇನಾಗ್ತಿದೆ ನನಗೆ? ಕುದುರೆ ನೋಡೋಕೆ ಹೋದವಳು ನಾನು...'

ತಿಂಗಳ ಕೊನೆಯ ದಿನವೇ ಶಾಲಾ ಸಮವಸ್ತ್ರದ ಅರ್ಜೆಂಟ್ ಕೆಲಸ ಬಂದು ಒಂದು ಗಂಟೆ ತಡವಾಯಿತು. ಕ್ಯಾನು ಹಿಡಿದು ಏದುಸಿರು ಬಿಡುತ್ತಾ ಬಂದರೆ ಲಾಯ ಖಾಲಿ. ಹಲಗೆಯೂ ಇಲ್ಲ, ಬರೀ ಮೊಳೆ ಉಳಿದಿತ್ತು.

ಮುಗೀತು... ನಾನು ಬರಲಿಲ್ಲ, ದೊರೆ ಕಂಬಕಂಬಕ್ಕೂ ನಿಂತ, ಮೇಷ್ಟ್ರು ಬೇಡ ಅಂದುಬಿಟ್ಟರು.

ಅಳುತ್ತಲೇ ಅಂಗಳಕ್ಕೆ ಓಡಿದಳು. ಬೇಲಿಯ ಆಚೆ ಅವನು ನಿಂತಿದ್ದ.

"ಒಂದು ಮಾತು ಹೇಳದೆ ಕಳಿಸಿಬಿಟ್ರಾ? ನೋಡ್ಕೊಳ್ತೀರಿ ಅಂತ ನಂಬಿದ್ದೆ ನಿಮ್ಮನ್ನ!"

ಅವನು ಕಣ್ಣು ಕಣ್ಣು ಬಿಟ್ಟ. ಅವನ ಹಿಂದೆ ದೊರೆ, ಪೋಸ್ಟ್ ಅಂಕಲ್‌ರನ್ನು ಹೊತ್ತು, ಒಂದು ಕಂಬ ದಾಟಿತು. ಎರಡು ದಾಟಿತು. ಮೂರನೆಯದನ್ನೂ ದಾಟಿತು. ಎಲ್ಲೂ ನಿಲ್ಲಲಿಲ್ಲ.

"ಹಲಗೆ...?" ಅವಳ ದನಿ ಇಳಿದಿತ್ತು.

ಅವನು ಬಿಸಿಲು ಬಿದ್ದ ಗೋಡೆಯತ್ತ ಕೈ ತೋರಿಸಿದ. ಗೋಡೆಗೆ ಒರಗಿಸಿದ್ದ ಹಲಗೆಯಲ್ಲಿ 'ದೊರೆ' ಅಂತ ಬಿಳಿ ಪೇಂಟಿನ ಅಕ್ಷರ ಒಣಗುತ್ತಿತ್ತು. ದೊರೆ ಪಾಸಾಗಿತ್ತು.

ಅವಳಿಗೆ ನಗು ಬಂತು, ಅಳುವೂ ನಿಲ್ಲಲಿಲ್ಲ. ಕಂಬದ ಚಾಳಿ ಮುಚ್ಚಿಟ್ಟೆ ಅಂತ ತಾನೇ ಒಪ್ಪಿಕೊಂಡಳು. ಅದು ಮೊದಲ ದಿನವೇ ಗೊತ್ತಾಗಿತ್ತು ಅಂದ ಅವನು. ನಾಲಿಗೆ ಲೊಚಗುಟ್ಟಿದರೆ ಹೊರಡುವುದನ್ನು ಎರಡನೇ ವಾರಕ್ಕೆಲ್ಲ ದೊರೆ ಕಲಿತಿತ್ತಂತೆ.

"ನಿನ್ನೆ ಐದು ಸಲ ನಿಂತನಲ್ಲ?"

ಅವನು ಕತ್ತು ಕೆರೆದುಕೊಂಡ. ಕುದುರೆಯ ಮೇಲಿಂದ ಪೋಸ್ಟ್ ಅಂಕಲ್ ಕೂಗಿದರು, "ನಿಲ್ಸಿದ್ದು ನಾನಮ್ಮಾ. ಮೇಷ್ಟ್ರ ಆರ್ಡರ್."

"ಯಾಕೆ?" ಅಂದಳು, ಅವನನ್ನೇ ನೋಡುತ್ತಾ.

"ಅವನು ನಿಲ್ಲದೇ ಹೋದ್ರೆ ನೀವ್ಯಾಕೆ ಬರ್ತೀರಿ ಅನ್ನಿಸ್ತು." ಅವನ ಕಿವಿ ಕೆಂಪಾಗಿತ್ತು. "ನೀವು ಬರದೇ ಇರೋ ಬೆಳಿಗ್ಗೆ ನನಗೆ ಬೇಡ. ನೀವಂದ್ರೆ ನನಗೆ ತುಂಬಾ ಇಷ್ಟ..."

ಹದಿನೈದು ದಿನ ಸುಮ್ಮನೆ ಮುಚ್ಚಳ ಬಡಿಸಿದ್ದಕ್ಕೆ ಅವನನ್ನು ಬೈಯಬೇಕಿತ್ತು. ಅವಳಿಗೆ ಬೈಗುಳವೇ ನೆನಪಾಗಲಿಲ್ಲ. ಇಷ್ಟು ಸುಖ ಒಟ್ಟಿಗೆ ಬಂದರೆ ಯಾರಿಗೆ ತಾನೇ ಬೈಯಲು ಬರುತ್ತೆ? ಕ್ಯಾನಿನ ಮುಚ್ಚಳ ತೆಗೆದು ಬೇಲಿಯ ಮೇಲಿಂದ ಚಾಚಿದಳು. ಅವನು ಹಿಡಿದುಕೊಂಡ. ಅವಳೂ ಬಿಡಲಿಲ್ಲ.

"ದೊರೆಗೆ ಇನ್ನು ಇದು ಬೇಡ," ಅಂದಳು. "ನಿಮ್ಮ ಹತ್ರ ಇರಲಿ. ಎರವಲು, ಅಷ್ಟೇ."

"ಎಷ್ಟು ದಿನಕ್ಕೆ?"

"ನಾನು ವಾಪಸ್ ಕೇಳೋವರೆಗೆ."

"ಯಾವಾಗ ಕೇಳ್ತೀರಿ?"

"ಕೇಳಲ್ಲ."