ಗಾಜಿನ ಹಿಂದಿನ ಹಾಸಿಗೆ

ಅವಳು ಟೀ ಕುಡಿದು ವಾಪಸ್ ಬರುವಷ್ಟರಲ್ಲಿ ಅಂಗಡಿ ಮುಂದೆ ಜನ ಸೇರಿದ್ದರು.

ಎಲ್ಲರೂ ಶೋಕೇಸಿನ ಗಾಜಿಗೆ ಮೂಗು ಒತ್ತಿ ನಗುತ್ತಿದ್ದರು. ಗಾಜಿನ ಹಿಂದೆ ಇದ್ದದ್ದು ಅವಳು ಬೆಳಗ್ಗೆಯಿಂದ ಸೊಂಟ ಬಗ್ಗಿಸಿ ಸಿಂಗರಿಸಿದ ಹಾಸಿಗೆ. ಒಂದೇ ಒಂದು ಸುಕ್ಕಿಲ್ಲದ ಬಿಳಿ ಬೆಡ್‌ಕವರ್, ಅದರ ತಲೆಯ ಬಳಿ ಹಂಸಗಳ ಹಾಗೆ ಸಾಲಾಗಿ ಕೂತ ಕುಶನ್‌ಗಳು...

ಈಗ ಅದರ ಮೇಲೆ ಒಬ್ಬ ಗಂಡಸು ಮಲಗಿದ್ದ.

ಬಸ್ ಡ್ರೈವರ್‌ಗಳ ನೀಲಿ ಅಂಗಿ, ಎದೆಯ ಮೇಲೆ ಜೋಡಿಸಿದ ಕೈ, ಸಣ್ಣಗೆ ಗೊರಕೆ ಬೇರೆ. ಶೂ ಮಾತ್ರ ಬಿಚ್ಚಿ ಮಂಚದ ಪಕ್ಕ ಅಚ್ಚುಕಟ್ಟಾಗಿ ಇಟ್ಟಿದ್ದ, ಸ್ವಂತ ಮನೆಗೆ ಬಂದವನ ಹಾಗೆ.

"ಏನ್ರೀ, ಎದ್ದೇಳಿ. ಇದು ಮಾರೋಕೆ ಇಟ್ಟಿರೋ ಹಾಸಿಗೆ."

ಅವನು ಕಣ್ಣು ಬಿಟ್ಟ. ಅವಳನ್ನು ನೋಡಿದ. ಕನಸು ಇನ್ನೂ ಮುಗಿದಿಲ್ಲ ಅನ್ನುವವನಂತೆ ಮತ್ತೊಮ್ಮೆ ನೋಡಿದ.

"ಹಾಗಾದ್ರೆ ಇದನ್ನೇ ಕೊಡಿ," ಅಂದ.

ಹೊರಗೆ ನಿಂತವರು ಘೊಳ್ಳೆಂದರು. ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಸಿಟ್ಟಿನ ಅಡಿಯಲ್ಲಿ, ಹಾಲಿನ ಕೆನೆ ಅಡಿ ಬಿಸಿ ಹಾಲಿದ್ದ ಹಾಗೆ, ಇನ್ನೇನೋ ಇತ್ತು. ಅದೇನು ಅಂತ ಅವಳು ಆಗ ಬೆರಳಿಟ್ಟು ನೋಡಲಿಲ್ಲ.

ಅಂಗಡಿ ಅವಳ ದೊಡ್ಡಮ್ಮನದು. ಮಾರೋದು ಹಾಸಿಗೆಯ ಮೇಲಿನ ಅಲಂಕಾರ. ಬೆಡ್‌ಕವರ್, ರಜಾಯಿ, ಕಂಬಳಿ, ಕುಶನ್. ಗಲ್ಲಾಪೆಟ್ಟಿಗೆ ದೊಡ್ಡಮ್ಮನ ಕೈಯಲ್ಲಿ, ಹಾಸಿಗೆಗಳು ಇವಳ ಕೈಯಲ್ಲಿ. ಅವತ್ತು ದೊಡ್ಡಮ್ಮ ಇನ್ನೂ ಬಂದಿರಲಿಲ್ಲ. ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹಾಸೋರು ಹಾಸಿದ್ದರ ಮೇಲೆ ಮಲಗೋ ಹಾಗಿಲ್ಲ. ಮಲಗಿದರೆ ಸೋಮಾರಿತನ ಅಂಟುತ್ತೆ ಅಂತ ದೊಡ್ಡಮ್ಮನ ನಂಬಿಕೆ.

ಡ್ರೈವರ್ ತಲೆ ಕೆರೆದುಕೊಂಡು ತನ್ನ ಕಥೆ ಹೇಳಿದ. ಬೆಳಗಿನ ಮೊದಲ ಬಸ್ ಅವನದೇ. ಅಂಗಡಿ ಎದುರಿನ ಸ್ಟಾಪಲ್ಲಿ ದಿನಾ ನಿಲ್ಲಿಸುವಾಗ ಈ ಗಾಜು ಕಾಣುತ್ತೆ. ಹೊಸದಾಗಿ ಎರಡು ಕೋಣೆಯ ಮನೆ ಹಿಡಿದಿದ್ದಾನೆ. ಅತ್ತಿಗೆ ಇಬ್ಬರು ಮಲಗೋ ಜೋಡಿ ಮಂಚ ಕಳಿಸಿ, ಉಳಿದದ್ದು ನೀನೇ ನೋಡ್ಕೋ ಅಂದಿದ್ದಾಳೆ. ಕೇಳೋಣ ಅಂತ ಒಳಗೆ ಬಂದ, ಯಾರೂ ಇರಲಿಲ್ಲ, ಮೆತ್ತಗಿದೆಯಾ ಅಂತ ಸುಮ್ಮನೆ ಕೂತು ನೋಡಿದ... ಅಷ್ಟೇ ನೆನಪು.

ಜೋಡಿ ಮಂಚ. ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. *ಮದುವೆ ಗಂಡು ಇರಬೇಕು.*

ಗಿರಾಕಿಗಳಿಗೆ ಅವಳು ಮೊದಲು ಬಟ್ಟೆ ತೋರಿಸುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದಳು. ಯಾರು ಹೊರಳಾಡ್ತಾರೆ, ಯಾರು ಹೊದ್ದಿದ್ದನ್ನ ಒದೀತಾರೆ, ಎಲ್ಲ. ಆಮೇಲೆ ಆರಿಸೋದೂ ಒಂದು ದಿನಕ್ಕೆ ಒಂದೇ ಪದರ. ಅದನ್ನು ಶೋಕೇಸಿನಲ್ಲಿ ಹಾಸಿಡೋದು. ಕಣ್ಣಿಗೆ ಒಗ್ಗಿದ ಮೇಲೆ ಅದರ ಮೇಲೆ ಇನ್ನೊಂದು.

"ಇಬ್ಬರಲ್ಲಿ ಚಳಿ ಯಾರಿಗೆ ಜಾಸ್ತಿ?" ಅಂತ ಕೇಳಿದಳು.

ಅವನ ಕಣ್ಣು ಅವಳ ಹೆಗಲ ಮೇಲೆ ನಿಂತಿತ್ತು. ಆ ಸೆಕೆಯಲ್ಲೂ, ಫ್ಯಾನಿನ ಕೆಳಗೆ ಬಂದರೆ ಸಾಕು, ಅವಳು ಶಾಲು ಎಳೆದುಕೊಳ್ಳುತ್ತಿದ್ದಳು.

"ಅವರಿಗೆ," ಅಂದ ಮೆಲ್ಲಗೆ. "ಸೆಕೆಗಾಲದಲ್ಲೂ ಶಾಲು ಬಿಡಲ್ಲ."

"ಹಾಗಾದ್ರೆ ಹತ್ತಿ ತುಂಬಿದ ತೆಳು ರಜಾಯಿ ಒಳ್ಳೇದು. ಬೆಚ್ಚಗೂ ಇರುತ್ತೆ, ಎದೆ ಮೇಲೆ ಭಾರಾನೂ ಬೀಳಲ್ಲ," ಅಂದಳು ಗಂಭೀರವಾಗಿ.

ಅವನ ಮುಖ ಅರಳಿತು. ಯಾಕೆ ಅಷ್ಟು ಅರಳಿತು ಅಂತ ಅವಳಿಗೆ ತಿಳಿಯಲಿಲ್ಲ.

ಅವನಿಗೋ, ಎಲ್ಲ ತಿಳಿದುಹೋಗಿತ್ತು... ಅಂದುಕೊಂಡಿದ್ದ ಪಾಪ. ನಾನು ಯಾರ ಬಗ್ಗೆ ಹೇಳ್ತಿದ್ದೀನಿ ಅಂತ ಇವರಿಗೆ ಗೊತ್ತಾಗಿದೆ, ಗೊತ್ತಿದ್ದೂ ನಗದೆ ಆಟ ಮುಂದುವರಿಸ್ತಿದ್ದಾರೆ ಅಂತ ಆ ಡ್ರೈವರ್ ಬಸ್ಸಿನ ತುಂಬ ಶಿಳ್ಳೆ ಹಾಕಿಕೊಂಡು ಹೋದ.

ಆಮೇಲೆ ಅವನು ಪಾಳಿ ಮುಗಿದ ಮಧ್ಯಾಹ್ನಗಳಲ್ಲೆಲ್ಲ ಬರತೊಡಗಿದ. ಬಂದರೆ ಬೇಗ ಹೊರಡುತ್ತಿರಲಿಲ್ಲ. ಬಸ್ಸಿಗೆ ಕೋಳಿ ಹತ್ತಿಸಿದ ಮುದುಕನ ಕಥೆ, ಅತ್ತಿಗೆಯ ಬೈಗುಳ, ಕಂಡಕ್ಟರ್ ಸೀಟಿ ಮಾಮನ ಗೊಣಗಾಟ. ಅವಳು ನಗಬಾರದು ಅಂದುಕೊಂಡೇ ನಗುತ್ತಿದ್ದಳು. ನಕ್ಕು, ಮರುಕ್ಷಣ ಯಾರದೋ ಮನೆಯ ಹೂ ಕಿತ್ತವಳಂತೆ ತಲೆ ತಗ್ಗಿಸುತ್ತಿದ್ದಳು.

ಒಂದು ದಿನ ಕೇಳಿದಳು, ಅವರು ಮಲಗೋದು ಹೇಗೆ ಅಂತ. ಸ್ಟೂಲಿನ ಮೇಲೆ ಎರಡೂ ಕಾಲು ಮಡಚಿ, ಗಲ್ಲವನ್ನು ಮೊಣಕಾಲಿಗೆ ಆನಿಸಿ ಕೂತಿದ್ದಳು.

"ಮಲಗಿದ್ದು ನಾನ್ಯಾಕೆ ನೋಡ್ಲಿ," ಅವನು ನಕ್ಕ. "ಆದರೆ ಕೂತರೂ ಮುದುಡಿಕೊಂಡೇ ಕೂರ್ತಾರೆ. ಮಲಗೋದೂ ಹಾಗೇ ಇರಬೇಕು. ಜಾಗ ಸಾಲದವರ ಹಾಗೆ."

ಅವಳಿಗೆ ಅಜ್ಜಿ ನೆನಪಾದಳು. ಒಂದೇ ಕೋಣೆ, ಒಂದೇ ಕಿರುಮಂಚ, ಅದರಲ್ಲಿ ಅಜ್ಜಿ ಮತ್ತು ಮೊಮ್ಮಗಳು. ರಾಜಕುಮಾರಿ ಏಳು ಸಮುದ್ರ ದಾಟುವ ಕಥೆ ಮುಗಿದ ಮೇಲೆ ಅಜ್ಜಿ ಅವಳ ಮೊಣಕಾಲು ತಟ್ಟುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು, ಮಗಳೇ. ಅಜ್ಜಿ ಹೋದಳು, ಕಿರುಮಂಚ ಹೋಯಿತು, ದೊಡ್ಡಮ್ಮನ ಮನೆಯಲ್ಲಿ ದೊಡ್ಡ ಮಂಚ ಬಂತು. ಅವಳು ಮಾತ್ರ ಇನ್ನೂ ಮಂಚದ ಅಂಚಿನಲ್ಲಿ ಸೀಗಡಿಯಂತೆ ಸುರುಟಿಕೊಂಡೇ ಮಲಗುತ್ತಿದ್ದಳು. ಬದುಕಿನಲ್ಲಿ ಏನನ್ನು ಕಂಡರೂ ಹಾಗೇ. ಆಸೆ ಪಡುವ ಮೊದಲೇ ಕಾಲು ಮಡಚಿಕೊಳ್ಳುವುದು.

ಆದರೂ ಅವಳಿಗೆ ಹೊಳೆಯಲಿಲ್ಲ ನೋಡಿ! ಊರವರ ನಿದ್ದೆಯೆಲ್ಲ ಗೊತ್ತಿದ್ದವಳಿಗೆ ತನ್ನ ನಿದ್ದೆಯ ಬಗ್ಗೆ ಯಾರೂ ಯಾವತ್ತೂ ಕೇಳಿರಲಿಲ್ಲ. *ನನ್ನ ಥರದವಳೇ ಇನ್ನೊಬ್ಬಳು ಇದ್ದಾಳೆ,* ಅಂದುಕೊಂಡಳು. *ಅವಳಿಗೆ ಇವನು ಸಿಕ್ಕಿದ್ದಾನೆ.*

"ಮುದುಡಿ ಮಲಗೋರಿಗೆ ಕಾಲ ಬಳಿ ಉಣ್ಣೆ ಕಂಬಳಿ ಮಡಚಿ ಹಾಕಬೇಕು," ಅಂದಳು. "ಅದರ ಭಾರಕ್ಕೆ ಕಾಲು ತಾನಾಗೇ ಸಡಿಲ ಆಗುತ್ತೆ."

ಹೊದಿಕೆಯ ಬಣ್ಣದ ಸರದಿ ಬಂದಾಗ ಅವನು ಯೋಚಿಸಲೇ ಇಲ್ಲ. ಮೇಲಿನ ಹಲಗೆಯಲ್ಲಿದ್ದ ಸಾಸಿವೆ ಹೂವಿನ ಬಣ್ಣದ ಹೊದಿಕೆ ತೋರಿಸಿದ. ಇಂಥದ್ದನ್ನು ಮುಟ್ಟಿದಾಗ ಅವರ ಮುಖ ಬೇರೆಯೇ ಆಗುತ್ತೆ ಅಂದ. ಅವಳಿಗೆ ಚುಚ್ಚಿದಂತಾಯಿತು. ಆ ಹೊದಿಕೆ ಬಂದಾಗಿನಿಂದ ಬೇರೆ ಗಿರಾಕಿಗಳಿಗೆ ಕಾಣದ ಹಾಗೆ ಹಿಂದಕ್ಕೆ ತಳ್ಳುತ್ತಿದ್ದವಳು ಅವಳೇ. ದಿನಕ್ಕೊಮ್ಮೆ ಧೂಳು ಒರೆಸುವ ನೆಪದಲ್ಲಿ ಸವರಿ ಇಡುತ್ತಿದ್ದಳು. *ಅವನ ಜೊತೆ ಇದೂ ಅವಳಿಗೇ ಹೋಗಲಿ.* ಇಳಿಸಿ ಕೊಟ್ಟಳು.

ಕೊನೆಗೆ ಕುಶನ್‌ಗಳು. ಕುಚ್ಚು ಇರೋದು ಬೇಡ, ಅವರು ಕುಚ್ಚುಗಳನ್ನ ನೊಣ ಓಡಿಸೋ ಹಾಗೆ ತಳ್ತಾರೆ ಅಂದ. ಅವಳು ಕೈಗೆ ಸಿಕ್ಕಿಹಾಕಿಕೊಂಡಿದ್ದ ಕುಚ್ಚನ್ನು ತಳ್ಳುತ್ತಲೇ, ಸರಿ ಅಂದಳು. ಗಲ್ಲಾಪೆಟ್ಟಿಗೆ ಹಿಂದೆ ದೊಡ್ಡಮ್ಮ ಕೆಮ್ಮಿದಳು. ಅದು ಕೆಮ್ಮಲ್ಲ, ನುಂಗಿದ ನಗು.

ಹಾಸಿಗೆ ಸಿದ್ಧವಾಯಿತು. ಶೋಕೇಸಿನಲ್ಲಿ ಅದು ಬೆಳಗಿನ ಬಿಸಿಲು ಒಳಗೆ ಬಂದು ಮಡಚಿಕೊಂಡು ಕೂತ ಹಾಗಿತ್ತು. ಅವನು ಬಂದು ನೋಡಿದ.

ಅವಳು ಒಂದು ಕುಶನ್ ಸರಿಪಡಿಸಿದಳು. "ಒಂದು ಸಲ ಅವರನ್ನೂ ಕರ್ಕೊಂಡು ಬನ್ನಿ. ಅವರೂ ಒಪ್ಪಿದ ಮೇಲೆ ಪ್ಯಾಕ್ ಮಾಡ್ತೀನಿ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಕಿವಿ ಕೆಂಪಾಗಿತ್ತು. "ಅವರಿಗೆ ಒಪ್ಪಿಗೆನಾ ಅಂತ ಕೇಳೋಕೇ ನಾನೂ ಬಂದದ್ದು. ನೀವೇ ಹೇಳಿಬಿಡಿ."

ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದು ಅಲ್ಲಿ ಜಾರಿತು. ಇವನ ಮದುವೆಯ ಹಾಸಿಗೆಗೆ ಒಪ್ಪಿಗೆಯನ್ನೂ ನಾನೇ ಕೊಡಬೇಕಾ...

"ಅವರ ಮನಸ್ಸು ನನಗ್ಯಾಕೆ? ನಾನು ಬಟ್ಟೆ ಮಾರೋಳು, ಅಷ್ಟೇ. ಇನ್ನು ಮೇಲೆ ಏನಿದ್ರೂ ದೊಡ್ಡಮ್ಮನ ಹತ್ರ ಮಾತಾಡಿ."

ಅವನ ಮುಖ ಬಾಡಿತು.

"ತಪ್ಪಾಯ್ತು," ಅಂದ. "ನಾನೇ ಏನೇನೋ ಅಂದ್ಕೊಂಡುಬಿಟ್ಟೆ."

ಅವನು ಹೋದ. ಬಾಗಿಲ ಗಂಟೆ ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇತ್ತು.

ಆಮೇಲೆ ದಿನಾ ಬಸ್ ಬಂತು, ನಿಂತಿತು, ಹೋಯಿತು. ಡ್ರೈವರ್ ಗಾಜಿನ ಕಡೆ ತಿರುಗಲಿಲ್ಲ. ಸಿಂಗರಿಸಿದ ಹಾಸಿಗೆ ಹಾಗೇ ಕಾದಿತ್ತು, ತಗೊಳ್ಳೋಕೆ ಯಾರೂ ಬರಲಿಲ್ಲ. ಅವಳು ರಾತ್ರಿಯೆಲ್ಲ ತನ್ನ ಮಂಚದ ಅಂಚಿನಲ್ಲಿ ಇನ್ನಷ್ಟು ಚಿಕ್ಕದಾಗಿ ಸುರುಟಿಕೊಂಡಳು.

ಒಂದು ಬೆಳಗ್ಗೆ ಬಸ್ ಸ್ಟಾಪಲ್ಲಿ ನಿಂತಿದ್ದಾಗ ಸೀಟಿ ಮಾಮ ಒಳಗೆ ಬಂದ. ಕೊರಳಲ್ಲಿ ಸೀಟಿ, ಮುಖದಲ್ಲಿ ಗಂಟು. ಕೊಳ್ಳೋಕೆ ಬಂದವನಲ್ಲ, ದೊಡ್ಡಮ್ಮನ ಕಿವಿಗೆ ದೂರು ಹಾಕೋಕೆ ಬಂದವನು. ತಮ್ಮ ಡ್ರೈವರ್ ಸಾಹೇಬರು ಬೇರೆ ರೂಟಿಗೆ ಅರ್ಜಿ ಹಾಕಿದ್ದಾರಂತೆ. ಇವತ್ತೇ ಈ ದಾರಿಯಲ್ಲಿ ಕೊನೆ. ನನಗೆ ಇನ್ನು ಯಾವ ಮೂಗ ಸಿಗ್ತಾನೋ ಅಂತ ಗೊಣಗಿ, ಅವಳನ್ನೊಮ್ಮೆ ದುರುಗುಟ್ಟಿ ನೋಡಿ ಹೋದ.

"ಅವರು ಮದುವೆ ಆಗ್ತಿರೋದಕ್ಕೂ ರೂಟಿಗೂ ಏನು ಸಂಬಂಧ," ಅಂದಳು ಅವಳು, ಯಾರಿಗೂ ಅಲ್ಲದ ಹಾಗೆ.

ದೊಡ್ಡಮ್ಮ ಕನ್ನಡಕ ಇಳಿಸಿದಳು. "ಮದುವೆ ಅಂತ ಅವನು ಹೇಳಿದ್ನಾ?"

ಅವಳು ಯೋಚಿಸಿದಳು. ಹೇಳಿರಲಿಲ್ಲ. ಒಂದು ದಿನವೂ ಹೇಳಿರಲಿಲ್ಲ.

"ಪುಟ್ಟಿ, ಆ ಶೋಕೇಸ್ ಹಾಸಿಗೆ ಮೇಲೆ ಒಂದ್ಸಲ ಮಲಗಿ ನೋಡು."

"ಹಾಸೋರು ಮಲಗಬಾರದು ಅಂತ ನೀವೇ..."

"ನಾನು ಹೇಳಿದ್ದನ್ನ ನಾನೇ ಮುರೀತೀನಿ. ಹೋಗೇ."

ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಅಂಚಿನಲ್ಲೇ, ಅಭ್ಯಾಸದಂತೆ ಮುದುಡಿಕೊಂಡು. ತೆಳು ರಜಾಯಿ ಹೆಗಲಿಗೆ ಬಂತು, ಶಾಲು ತಾನಾಗಿ ಜಾರಿತು. ಚಳಿ ಆಗಲಿಲ್ಲ. ಕೈ ಆಡಿಸಿದಳು, ಯಾವ ಕುಚ್ಚೂ ತಡೆಯಲಿಲ್ಲ. ಕೆನ್ನೆಗೆ ತಾಗಿದ್ದು ಸಾಸಿವೆ ಹೂವಿನ ಬಣ್ಣದ ಹೊದಿಕೆ, ದಿನಾ ಕದ್ದು ಸವರಿದ್ದು. ಪಾದಗಳ ಮೇಲೆ ಉಣ್ಣೆ ಕಂಬಳಿಯ ಭಾರ, ಯಾರೋ ಕೂತು ಮೊಣಕಾಲು ತಟ್ಟಿದ ಹಾಗೆ...

ಅವಳು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದಳು.

ಶಾಲು ಬಿಡದವಳು. ಮುದುಡಿ ಕೂರುವವಳು. ನೊಣದಂತೆ ಕುಚ್ಚು ತಳ್ಳುವವಳು. ಈ ಬಟ್ಟೆ ಮುಟ್ಟಿದರೆ ಮುಖ ಬೇರೆಯಾಗುವವಳು.

*ಅಯ್ಯೋ... ಇದು ನನ್ನ ಹಾಸಿಗೆ.*

ಅಷ್ಟು ದಿನ ಅವನು ಅವಳನ್ನು ಇಂಚಿಂಚಾಗಿ ನೋಡಿದ್ದ, ಅವಳಿಗೇ ತೋರಿಸಿದ್ದ. ಅವಳು ಅವನ ಮುಖಕ್ಕೆ ಬಾಗಿಲು ಹಾಕಿದ್ದಳು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಹಾರನ್ ಕೇಳಿಸಿತು. ಆ ಬಸ್ಸಿನದೇ, ವಾಪಸ್ ಟ್ರಿಪ್. ಅವಳಿಗೆ ಎದ್ದು ಓಡಬೇಕು ಅನ್ನಿಸಿತು. ಇಡೀ ಬಸ್ಸು ನೋಡುತ್ತೆ, ಬೀದಿ ನೋಡುತ್ತೆ, ನಾಳೆ ಊರೆಲ್ಲ ನಗುತ್ತೆ.

ಅವಳು ಏಳಲಿಲ್ಲ. ಅಂಚಿನಿಂದ ಮಂಚದ ನಡುವಿಗೆ ಸರಿದಳು. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಕಂಬಳಿಯ ಭಾರದ ಕೆಳಗೆ ಮೆಲ್ಲಗೆ, ಹೆದರುತ್ತಾ, ಎರಡೂ ಕಾಲು ಚಾಚಿದಳು. ಪೂರ್ತಿ.

ಬಸ್ ನಿಂತಿತು. ಡ್ರೈವರ್ ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಮೊದಲು ಕಂಡದ್ದು ಕಿಟಕಿ ಪಕ್ಕದ ತರಕಾರಿ ಚೀಲದ ಅಜ್ಜಿಗೆ. ಅಂಗಡಿಯವಳೇ ಮಲಗಿಬಿಟ್ಟಿದ್ದಾಳಲ್ಲಪ್ಪಾ ಅಂದಳು. ಸೀಟಿ ಮಾಮ ಬಗ್ಗಿ ನೋಡಿದ. ಆಮೇಲೆ ಜೀವಮಾನದಲ್ಲೇ ಉದ್ದದ ಸೀಟಿ ಊದಿದ.

"ಬ್ರೇಕ್ ಹಾಕಿ ಇಳಿಯೋ, ಪೆದ್ದ. ಇಳಿ. ಚಿಲ್ಲರೆ ಹುಡುಕ್ತಿದ್ದೀನಿ ಅಂತ ಇವರಿಗೆಲ್ಲ ನಾನು ಹೇಳ್ತೀನಿ."

ಹೊರಡೋಕೆ ಅವಸರ ಇದ್ದವರೂ ಕಿಟಕಿಗೆ ಬಗ್ಗಿದರು.

ಬಾಗಿಲ ಗಂಟೆ ಅಲ್ಲಾಡಿತು. ದೊಡ್ಡಮ್ಮ ಗಲ್ಲಾಪೆಟ್ಟಿಗೆಯೊಳಗೆ ಏನೋ ಕಳೆದುಕೊಂಡವಳಂತೆ ತಲೆ ಹಾಕಿದಳು.

ಅವನು ಮಂಚದ ಪಕ್ಕ ನಿಂತ. ಅವಳು ಕಣ್ಣು ಮುಚ್ಚಿದ್ದಳು. ರೆಪ್ಪೆಗಳು ನಡುಗುತ್ತಿದ್ದವು.

"ಏನ್ರೀ, ಎದ್ದೇಳಿ," ಅಂದ. "ಇದು ಮಾರೋಕೆ ಇಟ್ಟಿರೋ ಹಾಸಿಗೆ."

"ಅವರ ಹತ್ರ ಕೇಳಿದೆ," ಅಂದಳು, ಕಣ್ಣು ತೆರೆಯದೆ. "ಅವರಿಗೆ ಒಪ್ಪಿಗೆ ಅಂತೆ."

ಅವನು ಮಂಚದ ಪಕ್ಕ ಮೊಣಕಾಲೂರಿ ಕೂತ. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ಮೊದಲನೇ ದಿನದಿಂದ ನಿಮ್ಮನ್ನ ಬಿಟ್ಟು ಬೇರೆ ಯಾರ ಬಗ್ಗೆನೂ ನಾನು ಮಾತಾಡಿಲ್ಲ."

"ಹೆಸರು ಹಿಡಿದು ಹೇಳೋಕೆ ಏನಾಗಿತ್ತು?"

"ಅಷ್ಟು ಧೈರ್ಯ ಇದ್ದಿದ್ರೆ ಕಂತಿನಲ್ಲಿ ಕುಶನ್ ಯಾಕೆ ಕೊಳ್ತಿದ್ದೆ?"

ಅವಳು ನಕ್ಕಳು. ನಗುವಿನ ಜೊತೆ ಕಣ್ಣಂಚಿನಿಂದ ಒಂದು ಹನಿ ಜಾರಿ ಸಾಸಿವೆ ಹೂವಿನ ಮೇಲೆ ಬಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿದ. ಬಟ್ಟೆ ಮೇಲಿನದನ್ನು ಮೊದಲು, ಕೆನ್ನೆಯದನ್ನು ಆಮೇಲೆ.

"ರೂಟು?" ಅಂದಳು.

"ಸಂಜೆನೇ ಹೋಗಿ ಅರ್ಜಿ ವಾಪಸ್ ತಗೋತೀನಿ."

ಅವನ ಕಣ್ಣು ಆಗ ಹಾಸಿಗೆಯ ಆ ತುದಿಗೆ ಹೋಯಿತು. ಕಂಬಳಿಯ ಆಚೆ ಎರಡು ಪಾದಗಳು ಬೆರಳು ಬಿಡಿಸಿಕೊಂಡು ಹಾಯಾಗಿ ಇಣುಕುತ್ತಿದ್ದವು.

"ಇವತ್ತು ಮುದುಡ್ಕೊಂಡಿಲ್ವಲ್ಲ," ಅಂದ ಬೆರಗಿನಿಂದ.

ಅವಳು ಈಗ ಕಣ್ಣು ತೆರೆದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಜ್ಜಿ ಹೇಳೋಳು. ನಂದು ಎಷ್ಟು ದೊಡ್ಡದಿದೆ ಅಂತ ನಾನು ನೋಡೇ ಇರಲಿಲ್ಲ."