ಕೆಂಪು ದೀಪದ ಗುಂಡಿ

“ಈ ಮಷೀನ್ ನಿಮ್ಮ ಅಂಗಡಿಗೆ ವಾಪಸ್ ಒಯ್ರಿ! ಇದು ನಮ್ಮಪ್ಪನ್ನ ಬದುಕಿಸಾಕ ಬಂದದ್ದಲ್ಲ, ಬೇಯಿಸಾಕ ಬಂದದ್ದು!”

ಬಾಗಿಲಲ್ಲಿ ನಿಂತಿದ್ದ ತರುಣ ಕೈಯಲ್ಲಿದ್ದ ಚೀಲವನ್ನು ಕೆಳಗಿಡುವುದನ್ನೇ ಮರೆತ. ಎದುರಿಗಿದ್ದವಳ ಕಣ್ಣುಗಳು ಕೆಂಪಾಗಿದ್ದವು. ಸಿಟ್ಟಿನಿಂದಲೋ, ಅತ್ತಿದ್ದರಿಂದಲೋ ಅವನಿಗೆ ತಿಳಿಯಲಿಲ್ಲ.

“ಮೊದಲ ಒಳಗ ಬರಬಹುದೇನ್ರಿ?” ಎಂದ ಮೆಲ್ಲಗೆ.

ಅದು 1964ರ ಏಪ್ರಿಲ್ ತಿಂಗಳ ಒಂದು ಸಂಜೆ. ಹುಬ್ಬಳ್ಳಿಯ ದೇಶಪಾಂಡೆ ನಗರದ ಆ ಮನೆಯ ಯಜಮಾನ ಸಿದ್ದಲಿಂಗಪ್ಪ ಹತ್ತಿಯ ವ್ಯಾಪಾರಿ. ಚಳಿಗಾಲದಲ್ಲಿ ಗೋದಾಮಿನಲ್ಲಿ ಹತ್ತಿ ತುಂಬಿದ ಅಂಡಿಗೆಗಳ ಮೇಲಿಂದ ಜಾರಿಬಿದ್ದು ಕುತ್ತಿಗೆಯ ಮೂಳೆಗೆ ಪೆಟ್ಟಾಗಿತ್ತು. ಅಂದಿನಿಂದ ಕುತ್ತಿಗೆಯ ಕೆಳಗೆ ದೇಹಕ್ಕೆ ಸ್ಪರ್ಶಜ್ಞಾನವಿಲ್ಲ, ಚಲನೆಯಿಲ್ಲ... ಬೆವರೂ ಇಲ್ಲ.

“ಬೆವರದ ಮೈ ತಾನಾಗಿ ತಣ್ಣಗಾಗೂದಿಲ್ಲ. ಖೋಲಿ ಕಾದರ ಇವರೂ ಕಾಯ್ತಾರ. ಬ್ಯಾಸಗಿ ದಾಟಿಸೂದು ಕಠಿಣ,” ಎಂದಿದ್ದರು ಡಾಕ್ಟರು.

ಅದಕ್ಕೇ ಮುಂಬೈಯಿಂದ ಹವಾನಿಯಂತ್ರಕ ಬಂದಿತ್ತು. ಅದನ್ನು ಕಿಟಕಿಯಲ್ಲಿ ಕೂರಿಸಿ ಹೋದವನು ಈಗ ಬಾಗಿಲಲ್ಲಿ ನಿಂತಿದ್ದ ಈ ರಮಾಕಾಂತನೇ. ಸ್ಟೇಷನ್ ರೋಡಿನ ಅಂಗಡಿಯೊಂದರ ಎಂಜಿನಿಯರ್. ಹುಟ್ಟೂರು ಧಾರವಾಡವಾದರೂ ತಾಯಿ ಬೇಗ ತೀರಿಕೊಂಡಿದ್ದರಿಂದ ಬೆಳೆದದ್ದೆಲ್ಲ ಮುಂಬೈಯ ಹಾಸ್ಟೆಲುಗಳಲ್ಲಿ. ಅವನು ಯಂತ್ರ ಕೂರಿಸಿದ ದಿನ ಮನೆಯ ಒಬ್ಬಳೇ ಮಗಳು ಮೃಣಾಲಿನಿ ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಬರೆಯುತ್ತಿದ್ದಳು.

ಈಗ ಅವನು ರೋಗಿಯ ಕೋಣೆಗೆ ಹೋಗಿ ಯಂತ್ರದ ಮುಂದೆ ಅಂಗೈ ಹಿಡಿದ.

“ತಣ್ಣಗ ಐತಲ್ರಿ!”

ಮೃಣಾಲಿನಿಯೂ ಕೈ ಹಿಡಿದು ನೋಡಿದಳು. ತಣ್ಣನೆಯ ಗಾಳಿ! ಅವಳ ಮುಖ ಬಿಳಿಚಿತು. “ಈಗ ಐತ್ರಿ... ಮಧ್ಯಾಹ್ನ ಇರೂದಿಲ್ಲ. ಗಾಳಿ ಬರ್ತೈತಿ, ಖರೇ. ಆದ್ರ ಒಲಿ ಮುಂದ ಕುಂತಂಗ ಬರ್ತೈತಿ.”

“ಮಧ್ಯಾಹ್ನ ಕೆಟ್ಟು ಸಂಜೀಕ ತಾನ ರಿಪೇರಿ ಆಗೂ ಮಷೀನ್ ನಾ ಇನ್ನೂ ನೋಡಿಲ್ರಿ.”

ಚಹಾ ತಂದ ದೇವಕ್ಕ ನಕ್ಕರು. ಅವರು ಸಿದ್ದಲಿಂಗಪ್ಪನವರ ಅಕ್ಕ, ಮೃಣಾಲಿನಿಗೆ ಸೋದರತ್ತೆ. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವರು.

“ನಮ್ಮ ಹುಡಿಗಿಗೆ ಸಿಟ್ಟು ಜಾಸ್ತಿಪಾ. ನೀ ಚಹಾ ಕುಡಿ. ಮಷೀನಂದು ನಾ ಕಣ್ಣಾಗ ಎಣ್ಣಿ ಹಾಕ್ಕೊಂಡು ನೋಡಾಕತ್ತೇನಿ. ನೀ ಹೇಳಿದಂಗನ ಮಾಡೇನಿ. ಬ್ಯಾರೇ ಯಾರಿಗೂ ಮುಟ್ಟಾಕ ಬಿಟ್ಟಿಲ್ಲ.”

ಅದು ನಿಜ. ಗುಂಡಿಗಳನ್ನು ಒಬ್ಬರೇ ನೋಡಿಕೊಳ್ಳಬೇಕೆಂದು ರಮಾಕಾಂತ ಹೇಳಿದ್ದ. ದೇವಕ್ಕ ರೇಡಿಯೊಗೆ ಹೊದಿಸುವಂಥ ಕಸೂತಿ ಬಟ್ಟೆಯೊಂದನ್ನು ಗುಂಡಿಗಳ ಮೇಲೂ ಇಳಿಬಿಟ್ಟಿದ್ದರು.

ಹಗಲು ಅವನಿಗೆ ಚಿತ್ರಮಂದಿರವೊಂದರ ಯಂತ್ರಗಳ ಕೆಲಸ. ಹಾಗಾಗಿ ಮತ್ತೆ ಬಂದದ್ದೂ ಸಂಜೆಗೇ. ಒಂದು ಸಂಜೆ ಗಾಳಿ ಸೋಸುವ ಜಾಲರಿಯ ಧೂಳು ತೊಳೆದ. ಮತ್ತೊಂದು ಸಂಜೆ ಯಂತ್ರದ ಹಿಂಭಾಗಕ್ಕೆ ಪಶ್ಚಿಮದ ಬಿಸಿಲು ಬೀಳದಂತೆ ತಗಡಿನ ನೆರಳು ಕಟ್ಟಿದ. ಇನ್ನೊಮ್ಮೆ ವಿದ್ಯುತ್ತಿನ ಒತ್ತಡ ಅಳೆದ. ಪ್ರತಿ ಸಲವೂ ಯಂತ್ರ ತಣ್ಣಗೆ ನಗುತ್ತಿತ್ತು... ಪ್ರತಿ ಮಧ್ಯಾಹ್ನವೂ ಅಪ್ಪನ ಮೈ ಕಾದ ಹೆಂಚಾಗುತ್ತಿತ್ತು!

ಒದ್ದೆ ಬಟ್ಟೆ ಹಾಸುವುದು, ತೆಗೆಯುವುದು, ಮತ್ತೆ ಹಾಸುವುದು. ಅದರಾಚೆ ಮೃಣಾಲಿನಿಯಿಂದ ಏನೂ ಸಾಧ್ಯವಿರಲಿಲ್ಲ. ‘ನಾನು ಇಷ್ಟು ಓದಿ ಏನಾಯಿತು? ಅಪ್ಪನಿಗೆ ಒಂದಿಷ್ಟು ತಂಪು ಕೊಡಲಾರೆ...’

ಆದರೂ ಸಂಜೆಯಾದರೆ ಅವಳ ಕಿವಿ ಗೇಟಿನ ಕಡೆಗೇ ಇರುತ್ತಿತ್ತು.

ಅದಕ್ಕೆ ಕಾರಣವಿತ್ತು. ಅಪ್ಪನಿಗೆ ತಲೆ ಹೊರಳಿಸಲು ಬರುವುದಿಲ್ಲ. ಬಂದವರೆಲ್ಲ ಮಗ್ಗುಲಲ್ಲಿ ಕೂತು ಮಾತಾಡಿ ಹೋಗುತ್ತಿದ್ದರು. ಅಪ್ಪ ಮಾತ್ರ ಸೂರು ನೋಡುತ್ತ ಉತ್ತರ ಕೊಡುತ್ತಿದ್ದರು. ರಮಾಕಾಂತ ಹಾಗಲ್ಲ. ಮಂಚದ ಕಾಲ್ದೆಸೆಯಲ್ಲಿ, ಅವರ ನೋಟ ಬೀಳುವಲ್ಲಿಯೇ ನಿಲ್ಲುತ್ತಿದ್ದ. ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ.

‘ಇದನ್ನು ಇವನಿಗೆ ಯಾರು ಹೇಳಿಕೊಟ್ಟರು?’

ಬ್ಯಾಟರಿ ಹಿಡಿದು ಅವನ ಕೆಲಸಕ್ಕೆ ಬೆಳಕು ತೋರುವಾಗ ಬೆಳಕು ಆಗಾಗ ಯಂತ್ರ ಬಿಟ್ಟು ಅವನ ಮುಖದ ಕಡೆ ಸರಿಯುತ್ತಿತ್ತು.

ಇನ್ನೊಂದು ಸಂಜೆಯೂ ದೋಷ ಸಿಗಲಿಲ್ಲ. ಚೀಲ ಕಟ್ಟುತ್ತ ಅವನು ಸಂಕೋಚದಿಂದ ನಕ್ಕ.

“ಅಂಗಡ್ಯಾಗ ಎಲ್ಲಾರೂ ನನ್ನ ಚಾಷ್ಟಿ ಮಾಡಾಕತ್ತಾರ್ರಿ. ‘ದೇಶಪಾಂಡೆ ನಗರದ ಮಷೀನ್ ನಿನ್ನ ಮಾರಿ ನೋಡಿದ ಕೂಡಲೆ ಹುಷಾರಾಗ್ತೈತಿ’ ಅಂತಾರ. ಖರೇ ಹೇಳ್ರಿ... ಮಷೀನ್ ಬರೇ ನೆಪಾ ಅಲ್ಲಲ್ರಿ?”

ಮೃಣಾಲಿನಿಯ ಕೈಯಲ್ಲಿದ್ದ ಬ್ಯಾಟರಿ ಆರಿತು.

“ನಮ್ಮಪ್ಪನ ಜ್ವರಾ ನಿಮಗ ನೆಪಾ ಅನಸ್ತೈತೇನ್ರಿ?”

“ನಾ ಹಂಗಂದಿಲ್ರಿ...”

“ಹಂಗ ಅಂದ್ರಿ. ಮಗಳು ಅನ್ನಾಕಿ ಅಪ್ಪನ ಜಡ್ಡು ನೆಪಾ ಮಾಡ್ಕೊಂಡು ನಿಮ್ಮನ್ನ ಕರಸ್ಕೊಳ್ಳಾಕತ್ತಾಳ ಅಂದ್ರಿ! ಇನ್ನ ಬರಬ್ಯಾಡ್ರಿ.”

ಅವನು ಚೀಲ ಎತ್ತಿಕೊಂಡು ಹೊರಗೆ ನಡೆದ. ಗೇಟು ಮುಚ್ಚಿಕೊಂಡಿತು. ಆಮೇಲೆ ಅವನು ಬರಲಿಲ್ಲ.

ಮೇ ತಿಂಗಳ ಬಿಸಿಲು ಮಾತ್ರ ತಪ್ಪದೆ ಬಂತು. ಒಂದು ಮಧ್ಯಾಹ್ನ ಉಷ್ಣಮಾಪಕದ ಪಾದರಸ ನೂರಾ ನಾಲ್ಕು ದಾಟಿತು. ಅಪ್ಪ ಮೊದಲ ಬಾರಿಗೆ ಅವಳನ್ನು ಗುರುತಿಸಲಿಲ್ಲ.

“ಅಪ್ಪಾ... ನಾನ್ರಿ, ಮೃಣಾಲಿನಿ...”

“ಅಂಡಿಗಿ ತೊಯ್ತಾವ... ಒಳಗ ಹಾಕ್ರಿ...” ಅಪ್ಪ ಕನವರಿಸುತ್ತಿದ್ದರು.

ಡಾಕ್ಟರು ಬಂದು ಐಸ್ ತರಲು ಹೇಳಿದರು. ಮೃಣಾಲಿನಿ ಸ್ವಾಭಿಮಾನ ನುಂಗಿಕೊಂಡು ಟಾಂಗಾ ಹತ್ತಿದಳು. ಐಸ್ ಕೊಂಡು ನೇರವಾಗಿ ಅಂಗಡಿಗೆ ಹೋದಳು. ಚಿತ್ರಮಂದಿರದ ಕೆಲಸ ಮುಗಿದಿದ್ದರಿಂದ ರಮಾಕಾಂತ ಅಲ್ಲೇ ಇದ್ದ. ಅವಳ ಮುಖ ನೋಡಿದವನೇ ಎದ್ದು ನಿಂತ.

“ಈಗ ಮಧ್ಯಾಹ್ನ ಐತ್ರಿ. ಈಗ ಬಂದು ನೋಡ್ರಿ... ನಾ ಸುಳ್ಳು ಹೇಳೇನೋ ಇಲ್ಲೋ ನೋಡ್ರಿ. ಕೈ ಮುಗಿತೇನಿ...”

ಅವನು ಚೀಲವನ್ನೂ ತೆಗೆದುಕೊಳ್ಳದೆ ಹೊರಟುಬಂದ.

ಕೋಣೆ ಕುದಿಯುತ್ತಿತ್ತು. ಯಂತ್ರ ಗುಂಯ್‌ಗುಡುತ್ತಿತ್ತು. ಗಾಳಿ ಬೀಸುತ್ತಿತ್ತು, ಬಿಸಿಯಾಗಿ! ರಮಾಕಾಂತ ಕಿವಿಗೊಟ್ಟ. ಫ್ಯಾನಿನ ಸದ್ದು ಮಾತ್ರ. ಅದರಡಿ ಇರಬೇಕಾದ ದಪ್ಪ ಸದ್ದು ಇರಲಿಲ್ಲ. ಕಸೂತಿ ಬಟ್ಟೆ ಎತ್ತಿದ. ತಂಪಿನ ಗುಂಡಿಯ ಕೆಂಪು ದೀಪ ಆರಿತ್ತು.

“ಥಂಡಿ ಬಂದ್ ಐತಿ. ಬರೇ ಫ್ಯಾನ್ ಚಾಲೂ ಐತಿ. ಯಾರು ಬಂದ್ ಮಾಡಿದ್ರು?”

“ಬಂದ್?” ದೇವಕ್ಕನಿಗೆ ಅವಮಾನವಾಯಿತು. “ಬಂದ್ ಯಾಕ ಮಾಡ್ಲಿಪಾ? ನೀನ ಹೇಳಿ ಹೋಗಿದ್ದಿ, ಬಿಸಲ ಏರಿದ ಮ್ಯಾಲೆ ಕೆಂಪು ದೀಪದ ಗುಂಡಿ ದೊಡ್ಡದು ಮಾಡ್ರಿ, ಸಂಜೀಕ ಮತ್ತ ಮೊದಲಿನಂಗ ಮಾಡ್ರಿ ಅಂತ. ಒಂದು ದಿನಾನೂ ತಪ್ಪಿಸಿಲ್ಲ. ಬಿಸಲ ಏರಿದ ಕೂಡಲೆ ದೀಪಾ ದೊಡ್ಡದು ಮಾಡೇನಿ!”

“ದೊಡ್ಡದು ಮಾಡಿದ್ರ ಇನ್ನೂ ಥಂಡಿ ಬರಬೇಕಲ್ರಿ...”

ರಮಾಕಾಂತನಿಗೆ ಅರ್ಥವಾಗಲಿಲ್ಲ. ಮೃಣಾಲಿನಿಗೆ ಆಯಿತು.

“ನಮ್ಮ ಮನ್ಯಾಗ ದೀಪಾ ಆರಸೂದು ಅನ್ನೂದಿಲ್ರಿ,” ಎಂದಳು. “ಅಪಶಕುನ ಅಂತ. ಆರಸೂದಕ್ಕ... ದೊಡ್ಡದು ಮಾಡೂದು ಅಂತೇವಿ.”

ತಂಪು ಹೆಚ್ಚಿಸಿರೆಂದು ಅವನು ಹೇಳಿದ್ದ. ದೀಪ ಆರಿಸಿರೆಂದು ದೇವಕ್ಕ ಕೇಳಿಸಿಕೊಂಡಿದ್ದರು. ಕೆಂಪು ದೀಪ ಆರುವವರೆಗೆ ಗುಂಡಿ ತಿರುವಿದ್ದರು. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ, ಅವನು ಬರುವ ಮುಂಚೆ, ಇದನ್ನೂ ‘ಹಚ್ಚು’ತ್ತಿದ್ದರು.

ರಮಾಕಾಂತ ಗುಂಡಿ ತಿರುವಿದ. ಕೆಂಪು ದೀಪ ಹೊತ್ತಿಕೊಂಡಿತು. ಯಂತ್ರದ ಒಳಗಿನ ದಪ್ಪ ಸದ್ದು ಶುರುವಾಯಿತು.

ದೇವಕ್ಕ ನೆಲದ ಮೇಲೆ ಕುಸಿದರು. “ನನ್ನ ತಮ್ಮನ್ನ ನಾನ... ನನ್ನ ಕೈಯಾರೆ...”

“ನಿಮ್ಮ ಕೈ ಅಲ್ರಿ ದೊಡ್ಡವ್ವಾ, ನನ್ನ ನಾಲಿಗಿ!” ಅವನು ಪಕ್ಕದಲ್ಲೇ ಕೂತ. “ನಾ ಬೆಳೆದಲ್ಲೆ ದೀಪಾ ಹಚ್ಚವರ ಇದ್ದಿಲ್ಲ. ಬರೇ ಸ್ವಿಚ್ ಇದ್ದವು. ನನಗ ಈ ಮಾತು ಯಾರೂ ಕಲಿಸಿಲ್ರಿ...”

ಇನ್ನು ಮಾಡುವುದೇನೂ ಉಳಿದಿರಲಿಲ್ಲ. ಕಾಯಬೇಕು, ಅಷ್ಟೇ. ಐಸ್ ನೀರಿನ ಬಟ್ಟೆ ಬದಲಾಯಿಸುವಾಗ ಮೃಣಾಲಿನಿಯ ಬೆರಳಿಗೆ ಅವನ ಬೆರಳು ತಾಗಿತು. ಇಬ್ಬರೂ ಸರಿಸಿಕೊಳ್ಳಲಿಲ್ಲ. ಪಾದರಸ ನಿಂತಲ್ಲೇ ನಿಂತಿತ್ತು... ಬಹಳ ಹೊತ್ತು ನಿಂತಿತ್ತು... ಆಮೇಲೆ ನಿಧಾನವಾಗಿ ಇಳಿಯತೊಡಗಿತು.

ಬಿಸಿಲು ಇಳಿದಾಗ ಸಿದ್ದಲಿಂಗಪ್ಪ ಕಣ್ಣು ತೆರೆದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಅಂದರು:

“ಅಕ್ಕಾ, ಅಳಬ್ಯಾಡ. ಇಲ್ಲೆ ಬಾ, ಹಣಿ ಮ್ಯಾಲೆ ಕೈ ಇಡು. ಅಲ್ಲೆ ಇಟ್ರ ನನಗ ಗೊತ್ತಾಗ್ತೈತಿ.”

ದೇವಕ್ಕ ಹಣೆಯ ಮೇಲೆ ಕೈಯಿಟ್ಟು ಬಿಕ್ಕಿದರು. ಕಾಲ್ದೆಸೆಯಲ್ಲಿ ನಿಂತಿದ್ದವನನ್ನು ಸಿದ್ದಲಿಂಗಪ್ಪ ನೋಡಿದರು.

“ಎಂಜಿನಿಯರ್ ಸಾಹೇಬ್ರ, ಇಷ್ಟು ದಿನಾ ಎಲ್ಲಿ ಹೋಗಿದ್ರಿ? ಸೂರು ನೋಡಿ ನೋಡಿ ಸಾಕಾಗಿತ್ತು.”

ರಾತ್ರಿ ಅವನನ್ನು ಬೀಳ್ಕೊಡಲು ಮೃಣಾಲಿನಿ ಗೇಟಿನವರೆಗೆ ಬಂದಳು.

“ಖರೇ ಹೇಳ್ರಿ,” ಎಂದಳು ತಲೆ ತಗ್ಗಿಸಿ. “ನಾ ನೆಪಾ ಮಾಡಿ ಕರಸಾಕತ್ತೇನಿ ಅಂತ ನಂಬಿದ್ರೇನು?”

“ನಂಬಿದ್ದಿಲ್ಲ.”

“ಮತ್ತ?”

“ಹಂಗ ಇರ್ಲಿ ಅಂತ ಆಸೆ ಪಟ್ಟಿದ್ದೆ.”

ಅವಳ ಕಣ್ಣುಗಳು ತುಂಬಿದವು... ಈ ಸಲ ಸಿಟ್ಟಿನಿಂದಲ್ಲ. ಅವನು ಗೇಟಿನ ಅಗಳಿ ಹಿಡಿದು ನಿಂತೇ ಇದ್ದ.

“ಮೃಣಾಲಿನಿ, ನಾ ನಿಮ್ಮನ್ನ ಮನಸಾರೆ ಮೆಚ್ಚೇನಿ. ಆದ್ರ ಈಗ ಮಷೀನ್ ಸರಿ ಆಗೇತಿ. ನಾಳೆ ಏನಂತ ಬರ್ಲಿ?”

“ಅಪ್ಪನ ಕಾಲ್ದೆಸಿಗೆ ನಿಲ್ಲಾಕ ಬರ್ರಿ.”

ಒಳಗಿನಿಂದ ದೇವಕ್ಕನ ದನಿ ಕೇಳಿತು. “ಮೃಣಾಲಿ, ಗೇಟಿನ ದೀಪಾ ದೊಡ್ಡದು...” ಮಾತು ಅಲ್ಲೇ ನಿಂತಿತು. ಎಂದೂ ಆಡದ ಮಾತನ್ನು ಅವರು ಕಷ್ಟಪಟ್ಟು ಹುಡುಕಿದರು. “...ಬಂದ್ ಮಾಡಿ ಬಾರವ್ವಾ.”

ಮೃಣಾಲಿನಿ ಅಳುವಿನ ನಡುವೆಯೇ ನಕ್ಕಳು.

“ಬಂದ್ ಮಾಡ್ತೀರೇನ್ರಿ?” ಎಂದ ರಮಾಕಾಂತ.

“ಇಲ್ರಿ. ನೀವು ತಿರುವು ದಾಟೂ ತನಕಾ ಉರೀಲಿ.”