ಎಡಕ್ಕೆ ತಿರುಗಿದ ಪಂಜರ

ನನ್ನಂಥ ಪತ್ತೇದಾರ ಈ ವ್ರೊಟ್ಸ್ವಾಫ್ ಊರಲ್ಲಿ ಇನ್ನೊಬ್ಬನಿಲ್ಲ. ಪಿಸ್ತೂಲು ಬೇಡ, ಪೊಲೀಸು ಬೇಡ. ಮೂಗೊಂದಿದ್ದರೆ ಸಾಕು, ಕೇಸು ಕ್ಲೋಸ್. ನಂಬಿಕೆ ಇಲ್ಲವಾ? ಕೇಳಿ.

ನವೆಂಬರ್ ತಿಂಗಳು. ಹಿಂದಿನ ದಿನ ಊರಿಗೆ ಊರೇ ಸ್ಮಶಾನದಲ್ಲಿತ್ತು, ಸತ್ತವರ ಗೋರಿಗೆ ದೀಪ ಹಚ್ಚಲು. ಬೆಳಿಗ್ಗೆ ಕಿಟಕಿಯಾಚೆಯ ಮಂಜಲ್ಲಿ ಆ ದೀಪಗಳು ಇನ್ನೂ ಆರಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಜೊತೆಗೆ ಸಂಶೋಧನೆ ಮಾಡುವ ಬೊಗ್ನಾ ಬೆಳಕು ಅಳೆಯುವ ಯಂತ್ರದ ಮುಂದೆ ಕಲ್ಲಾಗಿ ನಿಂತಿದ್ದಳು.

“ಗ್ನೆವ್ಕೊ, ತಿರುಗಿಬಿಟ್ಟಿದೆ ಕಣೋ.”

“ಏನು?”

“ನನ್ನ ಪಂಜರ. ಎಡಕ್ಕೆ.”

ಅವಳ ಪಂಜರ ಕಣ್ಣಿಗೆ ಕಾಣದ್ದು. ಒಂದೇ ಅಣು, ಎರಡು ಬಟ್ಟಲನ್ನು ಬಾಯಿಗೆ ಬಾಯಿ ಕೂಡಿಸಿದಂತೆ. ಒಳಗೆ ಪುದೀನದ ಅಣು ಕೂರಿಸಿದರೆ ಅದರ ತೋಳುಗಳು ಬಲಕ್ಕೆ ತಿರುಚಿ ಮಡಚಿಕೊಳ್ಳುತ್ತವೆ. ಒಳಗಿನ ಅತಿಥಿ ಕದಲುವ ತನಕ ಮಡಿಕೆ ಬಿಚ್ಚುವುದಿಲ್ಲ. ಅದೇ ಅವಳ ಪಿಎಚ್.ಡಿ. ಅದರ ಮೂಲಕ ಹಾಯುವ ಬೆಳಕು ಬಲಕ್ಕೆ ಹೊರಳಬೇಕು. ಈಗ ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ಹೊರಳುತ್ತಿತ್ತು, ಕನ್ನಡಿಯೊಳಗಿಂದ ಯಾರೋ ಕೈ ಚಾಚಿ ಅದಲು ಬದಲು ಮಾಡಿದಂತೆ. ಪಂಜರದ ದ್ರಾವಣವಿದ್ದ ಶೀಶೆಯ ಮುಚ್ಚಳ ಭದ್ರವಾಗಿತ್ತು. ಮಧ್ಯಾಹ್ನ ಪರೀಕ್ಷಕರು ಅದೇ ಶೀಶೆಯನ್ನು ತಾವೇ ಅಳೆಯುವವರಿದ್ದರು. ಎಡ ಬಂದರೆ ಪದವಿ ಇಲ್ಲ.

* * *

ಮೂಗಿಗೆ ಕರವಸ್ತ್ರ ಒತ್ತಿಕೊಂಡು ಝೆನೊನ್ ಬಂದ. ನಮ್ಮ ಸೀನಿಯರ್. ಈ ಪಂಜರಕ್ಕೆ ಮಡಿಕೆ ನಿಲ್ಲುವುದೇ ಇಲ್ಲ ಎಂದು ಹಿಂದೆ ಲೇಖನ ಬರೆದು ಅಚ್ಚು ಹಾಕಿಸಿದ್ದವನು.

“ನಾನು ಹೇಳಿದ್ದೆ ಬೊಗ್ನಾ. ಅದು ತಾನಾಗೇ ಹೊರಳುತ್ತೆ.”

“ನಿನ್ನೆ ಎಲ್ಲಿದ್ರಿ ಡಾಕ್ಟರ್ ಸಾಹೇಬ್ರೆ?” ಎಂದೆ.

“ನಮ್ಮಪ್ಪನ ಗೋರಿ ಹತ್ರ. ನೀನ್ಯಾವ ಸಿನಿಮಾದ ಇನ್‌ಸ್ಪೆಕ್ಟರೋ?”

“ಇಂಟರ್ವಲ್ ಆಗ್ಲಿ, ಗೊತ್ತಾಗತ್ತೆ.”

ಹೀಟರ್ ಕೆಟ್ಟು ಶೀಶೆ ಕಾದಿತ್ತೇನೋ ಎಂದು ನೋಡಿದೆವು. ಇಲ್ಲ. ಅಣುವಿನ ತೂಕ ನೋಡಿದೆವು. ಅದೇ ತೂಕ. ಬೊಗ್ನಾ ಇನ್ನೊಂದು ಹನಿ ತೆಗೆಯಲು ಮುಚ್ಚಳ ಬಿಚ್ಚಿದಳು. ನಾನು ಬಗ್ಗಿ ಒಮ್ಮೆ ಮೂಸಿದೆ. ಮುಗಿಯಿತು.

* * *

“ಕೂತ್ಕೊಳ್ಳಿ ಡಾಕ್ಟರ್ ಸಾಹೇಬ್ರೆ. ಶೀಶೆಯಲ್ಲಿ ಪುದೀನ ಇಲ್ಲ, ಶಾಜೀರದ ವಾಸನೆ.”

“ಆದ್ರೇನು?”

“ಎರಡೂ ಒಂದೇ ಅಣು, ಎಡಗೈ ಬಲಗೈ ಥರ. ತೂಗಿದ್ರೆ ವ್ಯತ್ಯಾಸ ಸಿಗಲ್ಲ. ಪಂಜರಕ್ಕೆ ಸ್ವಂತ ಎಡಬಲ ಇಲ್ಲ, ಅತಿಥಿ ಹೇಗೋ ಹಾಗೆ ಮಡಚ್ಕೊಳ್ಳುತ್ತೆ. ನಿನ್ನೆ ಇಲ್ಲಿ ಯಾರೂ ಇರ್ಲಿಲ್ಲ. ಪುದೀನ ತೊಳೆದು ಶಾಜೀರ ತುಂಬಿದ್ರಿ. ಲ್ಯಾಬಲ್ಲಿ ಬಾಟ್ಲಿ ಮೂಸಬಾರದು ಅಂತ ಮೊದಲ ದಿನವೇ ಕಲಿಸ್ತಾರೆ. ಅದನ್ನೇ ನಂಬ್ಕೊಂಡ್ರಿ.”

“ಯಾರು ಬೇಕಾದ್ರೂ ತುಂಬಿರ್ಬಹುದು.”

“ನಿಮ್ಮ ಕೋಟಿನ ತೋಳು ಪೂರ್ತಿ ಅದೇ ನಾರ್ತಿದೆ. ಶೀತ ಅಲ್ವಾ, ಪಾಪ, ಗೊತ್ತಾಗ್ಲಿಲ್ಲ.”

ಝೆನೊನ್ ಗಬಕ್ಕನೆ ತೋಳನ್ನು ಮೂಗಿಗೆ ಹಿಡಿದ. ಹಿಡಿದ ಮೇಲೆ ಸಿಕ್ಕಿಬಿದ್ದದ್ದು ಗೊತ್ತಾಗಿ ನಮ್ಮಿಬ್ಬರ ಮುಖ ನೋಡಿದ. ಮೆಲ್ಲಗೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ.

“ನಡೀರಿ. ಪ್ರೊಫೆಸರ್ ಹತ್ರ ನಾನೇ ಹೇಳ್ತೀನಿ.”

ಬೊಗ್ನಾ ಶಾಜೀರ ತೊಳೆದು ಪುದೀನ ತುಂಬಿದಳು. ಪರೀಕ್ಷಕರು ಅಳೆದಾಗ ಬೆಳಕು ಬಲಕ್ಕೆ ಹೊರಳಿತು.

* * *

ಈಗ ನಿಜ ಹೇಳುತ್ತೇನೆ. ಮೂಗು ನನ್ನದೇ, ಡೈಲಾಗು ನನ್ನದಲ್ಲ. ಶಾಜೀರ ಹಾಕಿ ಬ್ರೆಡ್ಡು ಸುಡುತ್ತಿದ್ದವಳು ನಮ್ಮಜ್ಜಿ. ಹಿಂದಿನ ದಿನ ಅವಳ ಗೋರಿಗೆ ದೀಪ ಹಚ್ಚದೆ ಮನೆಯಲ್ಲಿ ಸಿನಿಮಾ ನೋಡುತ್ತಾ ಬಿದ್ದಿದ್ದೆ. ವಾಸನೆ ಬಡಿದದ್ದೇ, ಯಾಕೆ ಬರಲಿಲ್ಲ ಅಂತ ಕೇಳಲು ಅಜ್ಜಿ ಬಂದೇ ಬಿಟ್ಟಳು ಎಂದು ಮೇಜಿನ ಕೆಳಗೆ ನುಗ್ಗಿದೆ. ಬೊಗ್ನಾ ಕಾಲರ್ ಹಿಡಿದು ಎಳೆದಳು. “ಅಜ್ಜಿ ಆಮೇಲೆ. ಏನು ವಾಸನೆ, ಅದನ್ನು ಹೇಳು.” ಉಳಿದದ್ದೆಲ್ಲ ಬಿಡಿಸಿದ್ದು, ಝೆನೊನ್‌ಗೆ ಹೇಳಿದ್ದು ಅವಳು. ನಾನು ಅವಳ ಬೆನ್ನ ಹಿಂದೆ ಅಡಗಿ ನಿಂತಿದ್ದೆ.

ಆ ಸಂಜೆ ದೀಪ ಹಿಡಿದು ಸ್ಮಶಾನಕ್ಕೆ ಹೋದೆ. ಅಲ್ಲಿ ಶಾಜೀರದ ವಾಸನೆ ಇತ್ತೋ ಇಲ್ಲವೋ ಹೇಳಲಾರೆ. ಹೋಗಿ ಬರುವ ತನಕ ಮೂಗು ಹಿಡಿದುಕೊಂಡೇ ಇದ್ದೆ.